ಗುರುತಿನಾಚೆ

ಗುದೈಬಿಯಾದ ಓಣಿಯಲ್ಲಿ, ಎರಡು ಲಾಂಡ್ರಿಗಳ ನಡುವೆ,
ನನ್ನ ರಿಪೇರಿ ಅಂಗಡಿ. ಹೊರಗೆ ನಲವತ್ತಾರು ಡಿಗ್ರಿ.
ಹಸನಬ್ಬ ಬಂದರು, ಹಲ್ವದ ಡಬ್ಬಿ ಎದೆಗವಚಿ.
ಮುಚ್ಚಳ ತೆಗೆದರೆ ಹಲ್ವವಿಲ್ಲ,
ಹತ್ತಿಯ ಮೇಲೆ ಮೂರಿಂಚಿನ ಡಿಸ್ಕುಗಳು, ಏಳು,
ಒಂದೊಂದೂ ಬಿಸ್ಕತ್ತಿನಷ್ಟು ದಪ್ಪ.
"ಇದನ್ನು ಈಗಿನದಕ್ಕೆ ಮಾಡಿಕೊಡು ಮಾರಾಯ್ತಿ."

ಈಗಿನದಕ್ಕೆ ಇದನ್ನು ನುಂಗುವ ಬಾಯಿಯೇ ಇಲ್ಲ.
ಅಳತೆ ಬೇರೆ, ಸುತ್ತುಗಳ ಲೆಕ್ಕ ಬೇರೆ,
ಹೆಸರು ಬರೆದಿಡುವ ಜಾಗವೂ ಬೇರೆ.
ಮುಹರಕ್‌ನ ಗುಜರಿಯವನಲ್ಲಿ ಒಂದು ಆಮ್‌ಸ್ಟ್ರಾಡ್ ಸಿಕ್ಕಿತು,
ಹತ್ತು ದಿನಾರಿಗೆ, ಹಸಿರು ಪರದೆ ಸಮೇತ.
ಬಿಚ್ಚಿದರೆ ಡ್ರೈವಿನ ರಬ್ಬರ್ ಪಟ್ಟಿ
ಇಪ್ಪತ್ತು ಬೇಸಗೆ ಉಂಡು ಡಾಂಬರಾಗಿತ್ತು.
ಸ್ಪಿರಿಟ್ ಹಾಕಿ ಒರೆಸಿದೆ.
ಹಾಳು ಕ್ಯಾಸೆಟ್ ಪ್ಲೇಯರಿನ ಪಟ್ಟಿ ಬಿಗಿದೆ.
ಗರಗರ ಅಂದಿತು. ಗರಗರ ಅಂದರೆ ಸಾಕು, ಜೀವ ಇದೆ.

ಆಮೇಲೆ ತಂತಿ.
ಎರಡನೆಯ ಪಿನ್ನನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಬೆಸೆಯಬೇಕು:
ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ.
ನೇರ ಬೆಸೆದರೆ ಎರಡೂ ಮಾತಾಡುತ್ತವೆ,
ಕೇಳುವುದು ಯಾವುದೂ ಇಲ್ಲ.
"ನಾನೂ ಆಗ ಅದೇ ಕೆಲಸದಲ್ಲಿದ್ದೆ" ಅಂದರು ಹಸನಬ್ಬ.

ಎಂಬತ್ತೆಂಟು. ಹಿದ್ದ್‌ನ ಹಡಗು ಯಾರ್ಡಿನಲ್ಲಿ ಸ್ಟೋರ್ ಕೀಪರ್.
ರಾತ್ರಿ, ಕ್ಯಾಂಪಿನವರ ಕಾಗದ.
ಮೊದಲು ಸ್ಟೋರಿನ ಮಿಷನ್ನಿಗೆ, ಇಂಗ್ಲಿಷ್ ಅಕ್ಷರ ಒತ್ತಿ;
ಅವರು ತಿದ್ದು ಅಂದದ್ದನ್ನು ತಿದ್ದಿ
ಆಮೇಲೆ ಕನ್ನಡದಲ್ಲಿ, ನೀಲಿ ಇಂಕು, ಕೈಬರಹ.
"ಮಿಷನ್ನಿನಲ್ಲಿ ಯಾಕೆ ಇಟ್ಟಿರಿ?"
"ಹೋದ ತಿಂಗಳು ಏನು ಹೇಳಿದ್ದೆ ಅಂತ ಬಂದು ಕೇಳುತ್ತಿದ್ದರು.
ನಿಜಕ್ಕೆ ನಕಲು ಬೇಡ. ಸುಳ್ಳಿಗೆ ಬೇಕು."

ಸಾಲು ಸಾಲಾಗಿ ಬಂದವು, ಇರುವೆ ಬಂದ ಹಾಗೆ.
ಆ ಕೀಲಿಮಣೆಯಲ್ಲಿ ಳ ಇಲ್ಲ, ಣ ಇಲ್ಲ;
ಹಳ್ಳಿ ಹಲ್ಲಿಯಾಗಿ ಗೋಡೆ ಹತ್ತಿತ್ತು,
ಬೆಳೆಯೆಲ್ಲ ಬೆಲೆ.
ಇಬ್ಬರೂ ನಕ್ಕೆವು. ಮೂರನೆಯ ಡಿಸ್ಕಿನಲ್ಲಿ ದೂಮಣ್ಣನ ಕಾಗದ:

ನಾನು ಕ್ಷೇಮ. ಕೆಲಸ ನೆರಲಿನಲ್ಲಿ. ದಿನಾ ಕೋಲಿ.
ಹನ ಮುಂದಿನ ತಿಂಗಲು. ಇಂತಿ ದೂಮನ್ನ.

ಅಲ್ಲಿಗೆ ಮುಗಿಯಿತು, ಓದುವವರಿಗೆ.
ಆದರೆ ಆ ಮಿಷನ್ನು ಕಟ್ಟುವುದೇ
ನೂರಿಪ್ಪತ್ತೆಂಟು ಅಕ್ಷರಗಳ ಮೂಟೆ.
ಮಾತು ಮೊದಲೇ ಮುಗಿದರೆ ಮುಗಿಯಿತು ಅಂತ ಒಂದು ಗುರುತು ಹಾಕುತ್ತದೆ,
ಗುರುತಿನಾಚೆ ಹಿಂದೆ ಇದ್ದದ್ದು ಇದ್ದ ಹಾಗೇ.
ಯಾರೂ ಗುಡಿಸುವುದಿಲ್ಲ.
ಅಭ್ಯಾಸಬಲ, ಆಚೆಯನ್ನೂ ತೆರೆದೆ:

ತ್ತು ವಿಂಚಿಗೆ ಸಿಕ್ಕಿ ಎರಡು ಬೆರಲು ಹೋಯಿತು ಬಲಗೈ ಅಮ್ಮನಿಗೆ ಹೇ

ಹಸನಬ್ಬ ಕನ್ನಡಕ ತೆಗೆದರು, ಒರೆಸಿದರು, ಹಾಕಲಿಲ್ಲ.
"ಅಳಿಸು ಅಂದದ್ದು ಅವನೇ. ಅಳಿಸಿದ್ದೆ."
ಊರಿಗೆ ಹೋದಾಗ ಬಾಂಬೆಯ ಬಸ್ಸಿನ ಬಾಗಿಲು ಅಂದನಂತೆ.
ಅವನ ತಾಯಿ ಸಾಯುವವರೆಗೂ
ಆ ಬಸ್ಸಿನ ಡ್ರೈವರಿಗೆ ಶಾಪ ಹಾಕಿದಳಂತೆ,
ಇಲ್ಲದ ಡ್ರೈವರಿಗೆ.
ಈಗ ದೂಮಣ್ಣನೂ ಇಲ್ಲ. ಮಗಳು ಸುಗಂಧಿಗೆ
ಅಪ್ಪ ಬರೆಸಿದ್ದು ಬೇಕು; ಮನೆಯಲ್ಲಿದ್ದವು ಗೆದ್ದಲಿನ ಪಾಲು.

ಪೆನ್ ಡ್ರೈವ್ ಕೈಯಲ್ಲಿ ಹಿಡಿದು ಕೇಳಿದೆ:
ಗುರುತಿನವರೆಗೆ ಸಾಕೋ,
ಆಚೆಯದನ್ನೂ ಸೇರಿಸಲೋ?

ಓಣಿಯಲ್ಲಿ ಎಸಿಗಳು ತೊಟ್ಟಿಕ್ಕುತ್ತಿದ್ದವು.
ಲಾಂಡ್ರಿಯ ಹುಡುಗ ಚಹಾ ಇಟ್ಟು ಹೋದ, ಕೆನೆ ಕಟ್ಟಿತು.
"ಅಕ್ಷರ ಸ್ವಲ್ಪ ದೊಡ್ಡದು ಮಾಡು."
ಮಾಡಿದೆ. ಇನ್ನೂ, ಅಂದರು. ಇನ್ನೂ ಮಾಡಿದೆ,
ಆ ಒಂದೇ ಪದ ಪರದೆ ತುಂಬುವಷ್ಟು.
ಬೆರಲು ಅಂತಿತ್ತು.
ಅವರು ನಾಲಿಗೆ ಮಡಚಿ, ಮೇಲಂಗುಳಕ್ಕೆ ತಾಗಿಸಿ,
ಮೆಲ್ಲಗೆ ಓದಿದರು:
ಬೆರಳು.